ಹಕ್ಕಿಪಿಕ್ಕಿ ಯುವಜನರು: ಕುಲವಿದ್ಯೆಗೆ ಮೊಬೈಲ್ ಮಾರುಕಟ್ಟೆ

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಕದನ ಆರಂಭವಾದಾಗ ಅಲ್ಲಿ ಸಿಲುಕಿದ್ದ ಕನ್ನಡಿಗರಲ್ಲಿ ಶಿವಮೊಗ್ಗ ಜಿಲ್ಲೆಯ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು. ಗಿಡಮೂಲಿಕೆ, ತೈಲಗಳ ಮಾರಾಟಕ್ಕೆ ತೆರಳಿದ್ದವರನ್ನು ಕೇಂದ್ರ ಸರ್ಕಾರವು ‘ಆಪರೇಷನ್ ಕಾವೇರಿ’ಯ ಮೂಲಕ ಮರಳಿ ಕರೆತಂದಿತು. ಸಾಲ ಮಾಡಿ ಸರಕು ಒಯ್ದಿದ್ದವರಿಗೆ ಜೀವ ಉಳಿಯಿತು, ಬಂಡವಾಳ ಉಳಿಯಲಿಲ್ಲ.

ಹಕ್ಕಿ ಹಿಡಿಯುವುದು ಈ ಪರಿಶಿಷ್ಟ ಪಂಗಡದ ಮೂಲವೃತ್ತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಆ ದಾರಿ ಮುಚ್ಚಿದ ಮೇಲೆ ಗಿಡಮೂಲಿಕೆಯ ಅರಿವೇ ಬದುಕಿಗೆ ಆಧಾರವಾಯಿತು. ನೆರೆಯ ಭದ್ರಾವತಿಯಲ್ಲಿ ಕಾಗದ ಕಾರ್ಖಾನೆಯ ಯಂತ್ರಗಳು ನಿಂತಿರುವ ಇಂದಿನ ದಿನಗಳಲ್ಲಿ, ಸ್ವಂತ ವಿದ್ಯೆಯಿಂದ ಗಳಿಸುವ ಕುಟುಂಬಗಳ ಮಹತ್ವ ಜಿಲ್ಲೆಯ ಆರ್ಥಿಕತೆಗೆ ಕಡಿಮೆಯೇನಲ್ಲ.

ಹೊಸ ಪೀಳಿಗೆ ಈಗ ಮೊಬೈಲನ್ನೇ ಅಂಗಡಿಯಾಗಿಸಿಕೊಂಡಿದೆ. ತೈಲ ಕಾಯಿಸುವುದನ್ನು ಚಿತ್ರೀಕರಿಸುವುದು, ವಾಟ್ಸಾಪ್‌ನಲ್ಲಿ ಬೇಡಿಕೆ ಸ್ವೀಕರಿಸುವುದು, ಯುಪಿಐ ಮೂಲಕ ಹಣ ಪಡೆದು ಕೊರಿಯರ್‌ನಲ್ಲಿ ಕಳುಹಿಸುವುದು ಇದರ ಕ್ರಮ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ‘ಆದಿವಾಸಿ ಕೇಶತೈಲ’ ಹೀಗೆಯೇ ದೇಶದಾದ್ಯಂತ ಹೆಸರಾಯಿತು.

ಆದರೆ ‘ಆದಿವಾಸಿ’ ಎಂಬುದು ಯಾರೊಬ್ಬರ ಸ್ವತ್ತೂ ಅಲ್ಲದ ಪದ. ಆ ಹೆಸರನ್ನು ಯಾರು ಬೇಕಾದರೂ ಶೀಸೆಗೆ ಅಂಟಿಸಬಹುದು. ಇವರ ವಾಗ್ರಿ ಭಾಷೆಗೆ ಸ್ವಂತ ಲಿಪಿಯಿಲ್ಲ. ಪಾಕವಿಧಾನ ಹಿರಿಯರ ಬಾಯಿಂದ ಕಿರಿಯರಿಗೆ ಬಂದದ್ದು. ಕ್ಯಾಮೆರಾದ ಮುಂದೆ ಎಷ್ಟು ತೋರಿಸಬೇಕು, ಎಷ್ಟನ್ನು ಮನೆಯೊಳಗೇ ಉಳಿಸಿಕೊಳ್ಳಬೇಕು ಎಂಬುದು ಹಿರಿಯರೊಡನೆ ಕುಳಿತು ನಿರ್ಧರಿಸಬೇಕಾದ ವಿಷಯ. ಒಮ್ಮೆ ಬಹಿರಂಗವಾದ ವ್ಯಾಪಾರರಹಸ್ಯ ಮತ್ತೆ ರಹಸ್ಯವಾಗದು.

ಕಾನೂನಿನ ಹೊಣೆಯೂ ಗಮನಾರ್ಹ. ಕೇಶತೈಲ ತಯಾರಿಸಿ ಮಾರಲು ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆಯನ್ವಯ ಪರವಾನಗಿ ಅಗತ್ಯ. ಬೋಳುತಲೆ ಗುಣವಾಗುತ್ತದೆಂಬ ಘೋಷಣೆ ತೊಂದರೆಗೆ ಆಹ್ವಾನ. ಹೊರರಾಜ್ಯಕ್ಕೆ ಸರಕು ಕಳುಹಿಸುವವರು, ವಹಿವಾಟು ಎಷ್ಟೇ ಸಣ್ಣದಿರಲಿ, ಜಿಎಸ್‌ಟಿ ನೋಂದಣಿ ಪಡೆಯಬೇಕು. 2025ರ ಸೆಪ್ಟೆಂಬರ್ 22ರಿಂದ ಕೇಶತೈಲದ ತೆರಿಗೆ ಶೇ. 18ರಿಂದ ಶೇ. 5ಕ್ಕೆ ಇಳಿದಿರುವುದು ಸಮಾಧಾನಕರ.

ಪರಿಹಾರ ಒಗ್ಗಟ್ಟಿನಲ್ಲಿದೆ. 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯು ಸಂಘದ ಸದಸ್ಯರೆಲ್ಲರೂ ಬಳಸಬಹುದಾದ ಸಾಮೂಹಿಕ ಚಿಹ್ನೆಗೆ ಅವಕಾಶ ನೀಡುತ್ತದೆ. ಶಿಬಿರದ ಕುಟುಂಬಗಳು ಸಂಘವಾದರೆ ಪರವಾನಗಿಯ ವೆಚ್ಚವೂ ಹಂಚಿಹೋಗುತ್ತದೆ, ಹೆಸರೂ ಉಳಿಯುತ್ತದೆ. ಶಿವಮೊಗ್ಗ, ಭದ್ರಾವತಿಗಳ ವರ್ತಕರು ಹಾಗೂ ಲೆಕ್ಕಪರಿಶೋಧಕರು ಶಿಬಿರಕ್ಕೇ ತೆರಳಿ ಒಂದೆರಡು ದಿನ ಮಾರ್ಗದರ್ಶನ ನೀಡಿದರೂ ಸಾಕು. ಮೊಬೈಲ್ ಗಿರಾಕಿಯನ್ನು ತಂದುಕೊಡುತ್ತದೆ. ವಿದ್ಯೆಯ ಒಡೆತನವನ್ನು ಕಾಯುವುದು ಕ್ರಮಬದ್ಧ ದಾಖಲೆಯೇ.