ಭೂತಯ್ಯನ ಎದೆಯೊಳಗೊಂದು ಗಂಧದ ಗುಡಿ

‘ಭೂತಯ್ಯನ ಮಗ ಅಯ್ಯು’ ಚಿತ್ರದ ಭೂತಯ್ಯನನ್ನು ನೆನೆಸಿಕೊಳ್ಳಿ. ಸಾಲ ಕೊಟ್ಟು ಜಮೀನು ನುಂಗುವವನು, ಅವನ ಹೆಸರು ಕೇಳಿದರೇ ರೈತರಿಗೆ ನಡುಕ. ಸತ್ತಾಗ ಹೆಗಲು ಕೊಡಲೂ ಊರು ಮುಂದೆ ಬರುವುದಿಲ್ಲ. 1974ರಲ್ಲಿ ಆ ಪಾತ್ರಕ್ಕೆ ಜೀವ ತುಂಬಿದವರು ಮೈಸೂರಿನ ಎಂ.ಪಿ. ಶಂಕರ್. ಈಗ ಒಂದೇ ಒಂದು ವರ್ಷ ಹಿಂದಕ್ಕೆ ಹೋಗಿ, 1973ಕ್ಕೆ. ‘ಗಂಧದ ಗುಡಿ’! ಮರಗಳ್ಳರ ಎದುರು ನಿಂತ ಅರಣ್ಯಾಧಿಕಾರಿಯಾಗಿ ರಾಜ್‌ಕುಮಾರ್, ಜೊತೆಗೆ ವಿಷ್ಣುವರ್ಧನ್. ಕಾಡನ್ನು ಪ್ರೀತಿಸಲು ಒಂದಿಡೀ ನಾಡಿಗೆ ಕಲಿಸಿದ ಆ ಚಿತ್ರದ ನಿರ್ಮಾಪಕರು ಯಾರು ಗೊತ್ತೇ? ಇದೇ ಶಂಕರ್! ಚಿತ್ರವನ್ನು ಎಷ್ಟೋ ಸಲ ನೋಡಿದವರೂ ಈ ಮಾತು ಕೇಳಿ ಹುಬ್ಬೇರಿಸುತ್ತಾರೆ.

ಕಾಲವಾದರೂ ಎಂಥದ್ದು! ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ‘ಪ್ರಾಜೆಕ್ಟ್ ಟೈಗರ್’ ಶುರುವಾಗಿ, ಮೊದಲ ಒಂಬತ್ತು ಹುಲಿ ಮೀಸಲು ಅರಣ್ಯಗಳಲ್ಲಿ ನಮ್ಮ ಬಂಡೀಪುರವೂ ಸೇರಿದ್ದು 1973ರಲ್ಲಿ. ದೆಹಲಿ ಕಾನೂನು ಬರೆಯುತ್ತಿದ್ದ ಹೊತ್ತಿನಲ್ಲೇ, ತೆರೆಯ ಮೇಲೆ ಎಲ್ಲರನ್ನೂ ಹೆದರಿಸುತ್ತಿದ್ದ ಮೈಸೂರಿನ ಪೈಲ್ವಾನರೊಬ್ಬರು ಅದೇ ಕಾಳಜಿಯನ್ನು ಹಾಡು, ಹೊಡೆದಾಟ, ಆನೆಗಳ ಸಮೇತ ಹಳ್ಳಿ ಟೆಂಟುಗಳವರೆಗೆ ಮುಟ್ಟಿಸಿಬಿಟ್ಟರು!

ಹೌದು, ಪೈಲ್ವಾನ್. ಶಂಕರ್ ಕುಸ್ತಿಯಿಂದ ಬಂದವರು. ಗರಡಿಯ ಕೆಮ್ಮಣ್ಣಿನಲ್ಲಿ ಪಳಗಿದ ಮೈ ಅದು. 1960ರ ದಶಕದ ಆರಂಭದಲ್ಲಿ ಚಿತ್ರರಂಗಕ್ಕೆ ಕಾಲಿಟ್ಟಾಗ ಆ ಎದೆ, ಆ ತೋಳು ನೋಡಿದವರಿಗೆ ಖಳನ ಪಾತ್ರ ಬಿಟ್ಟು ಬೇರೇನು ತೋಚೀತು?

ತೋಚಿತು, ಒಬ್ಬರಿಗೆ. ಹುಣಸೂರು ಕೃಷ್ಣಮೂರ್ತಿ 1965ರಲ್ಲಿ ‘ಸತ್ಯ ಹರಿಶ್ಚಂದ್ರ’ ನಿರ್ದೇಶಿಸಿದಾಗ ಶಂಕರ್ ಅವರಿಗೆ ಕೊಟ್ಟದ್ದು ವೀರಬಾಹುವಿನ ಪಾತ್ರ. ಕಾಶಿಯ ಮಸಣದ ಒಡೆಯ, ಚಕ್ರವರ್ತಿಯನ್ನೇ ಆಳಾಗಿ ಕೊಂಡವನು! ಘಂಟಸಾಲರ ಕಂಠಕ್ಕೆ ತುಟಿ ಆಡಿಸುತ್ತಾ, ಕುಲದ ಮೇಲು ಕೀಳನ್ನು ಪ್ರಶ್ನಿಸುತ್ತಾ ಆ ಭಾರೀ ದೇಹ ಕುಣಿಯುವುದನ್ನು ಗಮನವಿಟ್ಟು ನೋಡಿ. ಹೆಜ್ಜೆ ಹೂವಿನಷ್ಟು ಹಗುರ! ಕಣ್ಣಲ್ಲಿ ಮಾತ್ರ ಒಡೆಯನ ಗತ್ತು ಇಳಿಯುವುದೇ ಇಲ್ಲ. ನನ್ನ ಮಟ್ಟಿಗೆ ಅವರ ಅಭಿನಯದ ಶಿಖರ ಇದೇ, ಭೂತಯ್ಯನಿಗಿಂತ ಒಂದು ಕೈ ಮೇಲು.

2008ರಲ್ಲಿ ಆ ಕಪ್ಪು ಬಿಳುಪು ಚಿತ್ರ ಬಣ್ಣ ತುಂಬಿಕೊಂಡು ಮತ್ತೆ ತೆರೆಗೆ ಬಂತು. ಅದೇ ವರ್ಷದ ಜುಲೈನಲ್ಲಿ ಶಂಕರ್ ತೀರಿಕೊಂಡರು. ‘ಗಂಧದ ಗುಡಿ’ಯ ಓಟ ಮಾತ್ರ ನಿಲ್ಲಲಿಲ್ಲ. ಅದು ಧರ್ಮೇಂದ್ರ ಅಭಿನಯದ ‘ಕರ್ತವ್ಯ’ವಾಗಿ 1979ರಲ್ಲೇ ಹಿಂದಿಗೂ ಹೋಗಿತ್ತು. 2022ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕೊನೆಯ ಚಿತ್ರ ಕರ್ನಾಟಕದ ಕಾಡು, ಕಡಲು, ನದಿಗಳನ್ನು ಸುತ್ತಿ ಬಂದಾಗ ಅದಕ್ಕೂ ಇಟ್ಟದ್ದು ಅದೇ ಹೆಸರು, ಶಂಕರ್ ನಿರ್ಮಿಸಿದ ಚಿತ್ರದ ಹೆಸರು!