ಬಾಲ್ಯದ ರಕ್ತ ಕ್ಯಾನ್ಸರ್ ಚಿಕಿತ್ಸೆ ಮತ್ತು ಕುಟುಂಬ ಜೀವನ

ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್. ಇದರ ಚಿಕಿತ್ಸೆಯು ಸಾಮಾನ್ಯವಾಗಿ ಎರಡರಿಂದ ಮೂರು ವರ್ಷಗಳ ಕಾಲ ನಡೆಯುತ್ತದೆ. ಈ ಅವಧಿಯ ಬಹುಭಾಗವನ್ನು ಮಗು ಮನೆಯಲ್ಲಿಯೇ ಕಳೆಯುವುದರಿಂದ ಮನೆಯವರ ದಿನಚರಿ, ದುಡಿಮೆ, ಊಟೋಪಚಾರ ಹಾಗೂ ಪರಸ್ಪರ ಸಂಬಂಧಗಳು ಚಿಕಿತ್ಸೆಯ ಅಂಗಗಳೇ ಆಗುತ್ತವೆ.

ಹಿನ್ನೆಲೆ

1948ರಲ್ಲಿ ಬೋಸ್ಟನ್ ನಗರದ ವೈದ್ಯ ಸಿಡ್ನಿ ಫಾರ್ಬರ್ ಅಮಿನೋಪ್ಟೆರಿನ್ ಎಂಬ ಔಷಧಿಯಿಂದ ಈ ರೋಗವು ತಾತ್ಕಾಲಿಕವಾಗಿ ಇಳಿಮುಖವಾಗುವುದನ್ನು ವರದಿ ಮಾಡಿದರು. ಅದಕ್ಕೂ ಮೊದಲು ರೋಗ ಪತ್ತೆಯಾದ ಮಗು ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ತೀರಿಕೊಳ್ಳುತ್ತಿತ್ತು. ಇಂದು ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. ಬಡ ದೇಶಗಳಲ್ಲಿ ಈ ಪ್ರಮಾಣ ಬಹಳ ಕಡಿಮೆ. ತಡವಾಗಿ ರೋಗ ಪತ್ತೆಯಾಗುವುದರ ಜೊತೆಗೆ, ಕುಟುಂಬಗಳು ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವುದೂ ಇದಕ್ಕೆ ಮುಖ್ಯ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಆರಂಭಿಸಿದ ಕಾರ್ಯಕ್ರಮದ ಗುರಿ, 2030ರ ವೇಳೆಗೆ ಜಗತ್ತಿನಾದ್ಯಂತ ಕನಿಷ್ಠ ಶೇ. 60ರಷ್ಟು ಮಕ್ಕಳಾದರೂ ಬದುಕುಳಿಯಬೇಕೆಂಬುದು.

ಆಸ್ಪತ್ರೆಯ ತಿಂಗಳುಗಳು

ಮೊದಲ ಹಂತ ಸುಮಾರು ನಾಲ್ಕು ವಾರಗಳದ್ದು. ನಂತರದ ಕೆಲವು ತಿಂಗಳು ತೀವ್ರ ಕೀಮೋಥೆರಪಿ ನಡೆಯುತ್ತದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂತಹ ದೊಡ್ಡ ಆಸ್ಪತ್ರೆಗಳಿಗೆ ದೂರದ ಜಿಲ್ಲೆಗಳಿಂದ ಬರುವ ಕುಟುಂಬಗಳು ಈ ಅವಧಿಯಲ್ಲಿ ಎರಡಾಗಿ ಒಡೆಯುತ್ತವೆ. ಸಾಮಾನ್ಯವಾಗಿ ತಾಯಿ ಮಗುವಿನೊಂದಿಗೆ ನಗರದಲ್ಲಿ ಉಳಿಯುತ್ತಾಳೆ. ತಂದೆ ಊರಿಗೂ ಆಸ್ಪತ್ರೆಗೂ ಓಡಾಡುತ್ತಾನೆ. ಉಳಿದ ಮಕ್ಕಳು ಅಜ್ಜಿಯ ಮನೆ ಸೇರುತ್ತಾರೆ.

ಸ್ಟೀರಾಯ್ಡ್ ಔಷಧಿಯಿಂದ ಮಗುವಿಗೆ ವಿಪರೀತ ಹಸಿವು, ಸಿಟ್ಟು ಮತ್ತು ಅಳು ಬರುತ್ತವೆ. ನಡುರಾತ್ರಿ ಎದ್ದು ಅನ್ನ ಕೇಳುವುದೂ ಉಂಟು. ಮುಖ ಊದಿಕೊಂಡಾಗ ನೋಡಲು ಬಂದ ನೆಂಟರು 'ಮೈ ತುಂಬಿಕೊಂಡಿದೆ, ಗುಣವಾಯಿತು' ಎನ್ನುವುದುಂಟು. ಅದು ಔಷಧಿಯ ಪರಿಣಾಮವೇ ಹೊರತು ಆರೋಗ್ಯದ ಲಕ್ಷಣವಲ್ಲ.

ಮನೆಯಲ್ಲಿ ಚಿಕಿತ್ಸೆ

ಕೊನೆಯ ಹಂತವೇ ಅತ್ಯಂತ ದೀರ್ಘವಾದುದು. ಒಂದೂವರೆಯಿಂದ ಎರಡು ವರ್ಷಕ್ಕೂ ಮೀರಿ ನಡೆಯಬಹುದು. ಕೂದಲು ಮತ್ತೆ ಹುಟ್ಟಿರುತ್ತದೆ, ಮಗು ಓಡಿ ಆಡುತ್ತಿರುತ್ತದೆ. ಕುಟುಂಬದ ನಿಜವಾದ ಪರೀಕ್ಷೆ ಇರುವುದು ಇಲ್ಲಿಯೇ. ಎದುರಿಗೆ ಆರೋಗ್ಯವಂತನಂತೆ ಕಾಣುವ ಮಗನಿಗೆ ವಾಂತಿ ಬರಿಸುವ ಗುಳಿಗೆಯನ್ನು ಏಕೆ ಕೊಡಬೇಕೆಂಬ ಪ್ರಶ್ನೆ ಹಿರಿಯರಿಂದಲೇ ಬರುತ್ತದೆ. ಗುಳಿಗೆ ಬಿಡಿಸಿ ನಾಟಿ ಔಷಧಿಗೆ ಕರೆದೊಯ್ಯುವವರೂ ಇದ್ದಾರೆ. ಆದರೆ ಪರೀಕ್ಷೆಗೆ ಸಿಗದಷ್ಟು ಕಡಿಮೆ ಸಂಖ್ಯೆಯಲ್ಲಿ ಉಳಿದಿರಬಹುದಾದ ರೋಗಕಣಗಳನ್ನು ಅಳಿಸುವುದೇ ಈ ಹಂತದ ಉದ್ದೇಶ. ಅಮೆರಿಕದಲ್ಲಿ ನಡೆದ ಅಧ್ಯಯನಗಳ ಪ್ರಕಾರ, ಮರ್ಕ್ಯಾಪ್ಟೋಪ್ಯೂರಿನ್ ಗುಳಿಗೆಯನ್ನು ಶೇ. 95ಕ್ಕಿಂತ ಕಡಿಮೆ ಪ್ರಮಾಣದಲ್ಲಿ ಸೇವಿಸಿದ ಮಕ್ಕಳಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚು. ಅಂದರೆ ತಿಂಗಳಿಗೆ ಎರಡು ದಿನ ಮರೆತರೂ ಅದು ಸಣ್ಣ ಸಂಗತಿಯಲ್ಲ.

ಮರ್ಕ್ಯಾಪ್ಟೋಪ್ಯೂರಿನ್ ದಿನನಿತ್ಯದ ಗುಳಿಗೆ; ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಎರಡನೆಯದನ್ನು ತಪ್ಪಿ ದಿನವೂ ಕೊಟ್ಟರೆ ಪ್ರಾಣಾಪಾಯವಾಗಬಹುದು. ತಾಯಿಗೆ ಓದು ಬಾರದಿದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ ವಾರದ ದಿನಕ್ಕೆ ಬಣ್ಣದ ಗುರುತು ಹಾಕಿಕೊಡುವುದು ಸರಳವಾದ, ಆದರೆ ಬಹು ಉಪಯುಕ್ತವಾದ ಕ್ರಮ. ಅಕ್ಕನೋ ಅಣ್ಣನೋ ಈ ಕೆಲಸ ವಹಿಸಿಕೊಂಡರೆ, ತನ್ನನ್ನು ಯಾರೂ ಗಮನಿಸುತ್ತಿಲ್ಲವೆಂಬ ಅವರ ಕೊರಗೂ ತುಸು ಕಡಿಮೆಯಾದೀತು.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ತಲುಪಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಬಿಳಿ ರಕ್ತಕಣಗಳು ಕಡಿಮೆಯಿರುವಾಗ ಸಾಮಾನ್ಯ ಸೋಂಕೂ ಕೆಲವೇ ಗಂಟೆಗಳಲ್ಲಿ ಮಾರಕವಾಗಬಲ್ಲದು. ಮನೆಯ ಇತರ ಮಕ್ಕಳಿಗೆ ಬಾಯಿಗೆ ಹಾಕುವ ಪೋಲಿಯೋ ಹನಿಯ ಬದಲು ಚುಚ್ಚುಮದ್ದು ಕೊಡಿಸಬೇಕಾಗುತ್ತದೆ. ಹನಿಯಲ್ಲಿರುವ ಸಜೀವ ವೈರಾಣು ರೋಗಿಯಾದ ಮಗುವಿಗೆ ದಾಟಬಹುದು. ಪೋಲಿಯೋ ಭಾನುವಾರದಂದು ಬಾಗಿಲಿಗೆ ಬರುವ ಕಾರ್ಯಕರ್ತೆಗೆ ಇದನ್ನು ಮೊದಲೇ ತಿಳಿಸುವುದು ಒಳಿತು.

ಶಾಲೆ

ರಕ್ತಕಣಗಳ ಮಟ್ಟ ಸರಿಯಿದ್ದರೆ ಈ ಹಂತದಲ್ಲಿ ವೈದ್ಯರ ಅನುಮತಿಯೊಂದಿಗೆ ಮಗು ಶಾಲೆಗೆ ಹೋಗಬಹುದು. ಕ್ಯಾನ್ಸರ್ ಸಾಂಕ್ರಾಮಿಕವಲ್ಲ. ಆದರೂ ಪಕ್ಕದಲ್ಲಿ ಕೂರಿಸಬೇಡಿರೆಂದು ಕೇಳುವ ಪೋಷಕರು ಇರುತ್ತಾರೆ. ಅವರಿಗೆ ತಿಳಿಹೇಳುವುದು ಉಪಾಧ್ಯಾಯರ ಹೊಣೆ. ಅಪಾಯವಿರುವುದು ವಾಸ್ತವವಾಗಿ ಈ ಮಗುವಿಗೇ. ತರಗತಿಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಅಥವಾ ದಡಾರ ಬಂದರೆ ಅದೇ ದಿನ ಮನೆಗೆ ತಿಳಿಸಬೇಕು. 'ಅಮ್ಮ ಬಂದಿದ್ದಾಳೆ' ಎಂದು ವಿಷಯವನ್ನು ಮನೆಯೊಳಗೇ ಇಟ್ಟುಕೊಳ್ಳುವ ರೂಢಿಯಿರುವಲ್ಲಿ ಶಿಕ್ಷಕರೇ ವಿಚಾರಿಸುತ್ತಿರಬೇಕಾಗುತ್ತದೆ.

ಖರ್ಚು ಮತ್ತು ನೆರವು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ದೊರೆಯುತ್ತದೆ. ಆದರೆ ಕೂಲಿ ತಪ್ಪಿದ ದಿನಗಳು, ಬಸ್ಸಿನ ಖರ್ಚು, ಬಾಡಿಗೆ ಕೋಣೆ ಇವು ಯಾವ ಯೋಜನೆಯ ಲೆಕ್ಕಕ್ಕೂ ಸುಲಭವಾಗಿ ಸಿಗುವುದಿಲ್ಲ. ಚಿಕಿತ್ಸೆ ನಿಲ್ಲುವುದು ಹಲವು ಬಾರಿ ಇವುಗಳಿಂದಲೇ. ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ಭಾರತೀಯ ರೈಲ್ವೆ ದರ ರಿಯಾಯಿತಿ ನೀಡುತ್ತದೆ. 2006ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಕೇಂದ್ರಗಳು ಪರಊರಿನ ಕುಟುಂಬಗಳಿಗೆ ಉಚಿತ ವಸತಿ ಒದಗಿಸುತ್ತವೆ.

ಹಣದ ಮುಗ್ಗಟ್ಟಿನ ಭಾರ ಎಲ್ಲ ಮಕ್ಕಳ ಮೇಲೂ ಸಮನಾಗಿ ಬೀಳುವುದಿಲ್ಲ. ಭಾರತದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಿಗೆ ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳನ್ನೇ ಹೆಚ್ಚಾಗಿ ಕರೆತರಲಾಗುತ್ತಿದೆ ಎಂಬುದನ್ನು 2022ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಚಿಕಿತ್ಸೆಯ ನಂತರ

ಗುಳಿಗೆ ನಿಂತ ದಿನ ಸಂತೋಷದೊಂದಿಗೆ ಹೊಸ ಅಂಜಿಕೆಯೂ ಆರಂಭವಾಗುವುದು ಸಹಜ. ಸಣ್ಣ ನೆಗಡಿಗೂ ತಾಯಿ ರಕ್ತಪರೀಕ್ಷೆ ಮಾಡಿಸಬೇಕೆನ್ನುತ್ತಾಳೆ. ತಪಾಸಣೆಗಳು ಹಲವು ವರ್ಷ ಮುಂದುವರಿಯುತ್ತವೆ. ಡಾಕ್ಸೊರುಬಿಸಿನ್‌ನಂತಹ ಕೆಲವು ಔಷಧಿಗಳು ಬಹುಕಾಲದ ನಂತರ ಹೃದಯಕ್ಕೆ ತೊಂದರೆ ಕೊಡಬಹುದಾದ್ದರಿಂದ, ಯಾವ ಔಷಧಿಯನ್ನು ಎಷ್ಟು ಪ್ರಮಾಣದಲ್ಲಿ ಕೊಡಲಾಯಿತೆಂಬ ವಿವರವಿರುವ ಕಡತವನ್ನು ಪೋಷಕರು ಜೋಪಾನವಾಗಿಟ್ಟು, ಮಗು ದೊಡ್ಡದಾದ ಮೇಲೆ ಅದರ ಕೈಗೇ ಒಪ್ಪಿಸಬೇಕು.