ವಿಮಾನಕ್ಕೆ ಬೈಂಡ್ ಹಾಕುವುದು ಹೇಗೆ?

ಜೂನ್ ತಿಂಗಳು ಬಂತೆಂದರೆ ಮೊಮ್ಮಕ್ಕಳ ಪುಸ್ತಕಗಳಿಗೆ ಬೈಂಡ್ ಹಾಕುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ಈ ಸಲ ಮೊಮ್ಮಗ ಕೇಳಿದ: "ತಾತ, ವಿಮಾನದ ಮೇಲಿನ ಚಿತ್ರವೂ ಬೈಂಡೇನಾ?"

ಕೇಳಬೇಕಾದ ಪ್ರಶ್ನೆಯೇ. 2008ರಲ್ಲಿ ನಮ್ಮ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ತಲೆ ಎತ್ತಿದರೆ ವಿಮಾನಗಳೇ. ಅವುಗಳ ಮೇಲಿನ ಚಿತ್ರಗಳಲ್ಲಿ ಹಲವು ಪೇಂಟ್. ಕೆಲವು ಮಾತ್ರ ವಿನೈಲ್ ಎಂಬ ಅಂಟುವ ಹಾಳೆ. ಅದರ ದಪ್ಪ ಸುಮಾರು 0.05 ಮಿಲಿಮೀಟರ್.

ವಿಮಾನದ ನಡುಭಾಗ ಕೊಳವೆಯಂತಿದ್ದರೆ ಹಾಳೆ ಸಲೀಸಾಗಿ ಸುತ್ತಿಕೊಳ್ಳುತ್ತದೆ. ಮೂಗು, ರೆಕ್ಕೆಯ ತುದಿಗಳದ್ದು ಬೇರೆ ಕಥೆ. ಅವು ಎರಡೂ ದಿಕ್ಕಿಗೆ ಬಾಗಿರುತ್ತವೆ. ಮಕ್ಕಳೇ, ಒಂದು ಚಕ್ಕೋತ ಹಣ್ಣಿಗೆ ಬೈಂಡ್ ಹಾಕಿ ನೋಡಿ. ಹೇಗೆ ಎಳೆದರೂ ಕಾಗದದಲ್ಲಿ ನಿರಿಗೆ ಬೀಳುತ್ತದೆ. ಅದು ನಿಮ್ಮ ಕೈಯ ದೋಷವಲ್ಲ, ಗಣಿತದ ನಿಯಮ. ಚಪ್ಪಟೆ ಹಾಳೆ ಹಿಗ್ಗದೆ ಅಥವಾ ಕುಗ್ಗದೆ ಉಂಡೆಯ ಮೇಲೆ ಕೂರುವುದಿಲ್ಲ.

ಅದಕ್ಕೇ ವಿನೈಲನ್ನು ಹಿಗ್ಗಿಸುತ್ತಾರೆ. ಬಿಸಿಗಾಳಿ ಊದುವ ಹೀಟ್ ಗನ್ ಹಿಡಿದರೆ ಅದು ಮೆತ್ತಗಾಗುತ್ತದೆ. ಆಗ ನಿಧಾನವಾಗಿ ಎಳೆದು, ಮಧ್ಯದಿಂದ ಅಂಚಿನ ಕಡೆಗೆ ಪ್ಲಾಸ್ಟಿಕ್ ಪಟ್ಟಿಯಿಂದ ಒತ್ತುತ್ತಾ ಒಳಗಿನ ಗಾಳಿಯನ್ನು ಹೊರದೂಡುತ್ತಾರೆ. ಆಸೆಪಟ್ಟು ಜಾಸ್ತಿ ಎಳೆದರೆ ಬಣ್ಣ ತೆಳುವಾಗುತ್ತದೆ, ಹಾಳೆ ಮತ್ತೆ ಕುಗ್ಗಲು ಹೋಗಿ ಅಂಚು ಏಳುತ್ತದೆ. ಹಾಗಾಗಿ ಬಾಗು ಹೆಚ್ಚಿರುವಲ್ಲಿ ತುಂಡು ತುಂಡಾಗಿ ಅಂಟಿಸುತ್ತಾರೆ. ಹೆಂಚು ಹೊದಿಸಿದ ಹಾಗೆ, ಮುಂದಿನ ತುಂಡಿನ ಅಂಚು ಹಿಂದಿನದರ ಮೇಲೆ ಬರಬೇಕು. ಇಲ್ಲದಿದ್ದರೆ ಗಾಳಿ ಸಂದಿಗೆ ನುಗ್ಗಿ ಕಿತ್ತುಹಾಕುತ್ತದೆ. ಕೊನೆಗೆ ಇನ್ನೊಮ್ಮೆ ಚೆನ್ನಾಗಿ ಬಿಸಿ ಕೊಟ್ಟರೆ ಹಾಳೆ ಹೊಸ ಆಕಾರಕ್ಕೆ ಒಗ್ಗುತ್ತದೆ.

ಇಷ್ಟು ಕಲಿತರೆ ಸಾಲದು, ಎಲ್ಲಿ ಅಂಟಿಸಬಾರದು ಎಂಬುದೂ ಗೊತ್ತಿರಬೇಕು. ವಿಮಾನದ ಪಕ್ಕೆಯಲ್ಲಿ ಪುಟ್ಟ ರಂಧ್ರಗಳಿರುತ್ತವೆ. ಅವು ಗಾಳಿಯ ಒತ್ತಡ ಅಳೆದು ಪೈಲಟ್‌ಗೆ ಎತ್ತರ, ವೇಗ ತಿಳಿಸಲು ನೆರವಾಗುತ್ತವೆ. 1996ರ ಅಕ್ಟೋಬರ್ 2ರಂದು ಪೆರು ದೇಶದ ವಿಮಾನವೊಂದು ಸಮುದ್ರಕ್ಕೆ ಬಿತ್ತು. ಅದನ್ನು ಸ್ವಚ್ಛ ಮಾಡುವಾಗ ಆ ರಂಧ್ರಗಳಿಗೆ ಅಂಟಿಸಿದ್ದ ಟೇಪನ್ನು ತೆಗೆಯಲು ಮರೆತಿದ್ದರು. 70 ಜನರ ಪ್ರಾಣ ಹೋಯಿತು.

ರೆಕ್ಕೆ, ಬಾಲಗಳ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಹಲಗೆಗಳಿಗೂ ಮನಬಂದಂತೆ ಅಂಟಿಸುವಂತಿಲ್ಲ. ತೂಕದ ಸಮತೋಲ ತಪ್ಪಿದರೆ ಹಾರುವಾಗ ಅವು ಅಪಾಯಕರವಾಗಿ ಅದುರತೊಡಗಬಹುದು. ನಮ್ಮ ಬ್ಯಾಂಕಿನ ಲೆಡ್ಜರಿನಂತೆ ಪ್ರತಿ ವಿಮಾನಕ್ಕೂ ತೂಕದ ಲೆಕ್ಕಪತ್ರ ಇರುತ್ತದೆ. ಹಾಳೆ ಎಷ್ಟೇ ತೆಳುವಾಗಿರಲಿ, ಅದರ ತೂಕವನ್ನು ಕಡೆಗಣಿಸುವಂತಿಲ್ಲ.

ಬಣ್ಣಕ್ಕೂ ಲೆಕ್ಕವುಂಟು. ಬೆಂಗಳೂರಿನ ಎನ್‌ಎಎಲ್ ರೂಪಿಸಿದ, ಇಬ್ಬರು ಕೂರುವ 'ಹಂಸ' ವಿಮಾನ 1993ರಲ್ಲಿ ಮೊದಲು ಹಾರಿತು. ಅದರ ಮೈ ಲೋಹದ್ದಲ್ಲ, ನಾರು ಮತ್ತು ರಾಳ ಬೆರೆಸಿ ಮಾಡಿದ್ದು. ಇಂಥ ಮೈಗೆ ಕಪ್ಪು ಹಾಳೆ ಹೊದಿಸಿ ಬಿಸಿಲಲ್ಲಿ ನಿಲ್ಲಿಸಿದರೆ ಕಾದು ಬಲ ಕುಂದಬಹುದು. ಇಂಥ ಪುಟ್ಟ ವಿಮಾನಗಳು ಹೆಚ್ಚಾಗಿ ಬಿಳಿಯಾಗಿರುವುದು ಅದಕ್ಕೇ.

ಮುಂದಿನ ಸಲ ಚಿತ್ರವಿರುವ ವಿಮಾನ ಹತ್ತಿರದಲ್ಲಿ ಕಂಡರೆ ಆ ಪುಟ್ಟ ರಂಧ್ರಗಳನ್ನು ಹುಡುಕಿ. ಚಿತ್ರ ಎಷ್ಟೇ ದೊಡ್ಡದಿರಲಿ, ಅಲ್ಲಿ ಜಾಗ ಬಿಟ್ಟಿರಲೇಬೇಕು.